ವಿದ್ವತ್ಸಂಘಗಳ ವ್ಯವಹಾರಸಭೆಯೂ ನಡವಳಿಯ ಗದ್ಯವೂ

೧

ವಿದ್ವಾಂಸರು ಕೂಡಿ ಕಟ್ಟಿಕೊಂಡ ಯಾವ ಸಂಘದಲ್ಲಾದರೂ ಎರಡು ಬಗೆಯ ಸಭೆಗಳಿರುತ್ತವೆ. ವಿದ್ವತ್ತನ್ನು ಪ್ರಕಟಿಸುವ ಸಭೆ ಒಂದು. ಸಂಘವನ್ನು ನಡೆಯಿಸುವ ಸಭೆ ಇನ್ನೊಂದು. ಮೊದಲನೆಯದರಲ್ಲಿ ಅಧ್ಯಕ್ಷಭಾಷಣ, ಪ್ರಬಂಧವಾಚನ, ಚರ್ಚೆ, ಸನ್ಮಾನಗಳು ನಡೆಯುತ್ತವೆ. ಎರಡನೆಯದರಲ್ಲಿ ಹಿಂದಿನ ಸಭೆಯ ನಡವಳಿಯನ್ನು ಓದುತ್ತಾರೆ, ಆಯವ್ಯಯವನ್ನು ಒಪ್ಪಿಸುತ್ತಾರೆ, ಪದಾಧಿಕಾರಿಗಳನ್ನು ಆರಿಸುತ್ತಾರೆ, ಮುಂದಿನ ಸಮ್ಮೇಳನ ಎಲ್ಲಿ, ಯಾರ ಹೊಣೆಯಲ್ಲಿ, ಎಷ್ಟು ಹಣದಲ್ಲಿ ಎಂಬುದನ್ನು ಗೊತ್ತುಮಾಡುತ್ತಾರೆ. ಮೊದಲನೆಯದಕ್ಕೆ ಜನ ನೆರೆಯುತ್ತಾರೆ. ಎರಡನೆಯದು ಮುಗಿಯುವ ವೇಳೆಗೆ ಕುರ್ಚಿಗಳು ಬರಿದಾಗಿರುತ್ತವೆ.

ಸಾಹಿತ್ಯವಿಮರ್ಶೆಯೂ ಈ ವಿಷಯದಲ್ಲಿ ಜನಸಂದಣಿಯ ಹಿಂದೆಯೇ ನಡೆದಿದೆ. ಕನ್ನಡ ಸಾಹಿತ್ಯ ಸಮ್ಮೇಳನಗಳ ಅಧ್ಯಕ್ಷಭಾಷಣಗಳು ಸಂಪುಟಗಳಾಗಿ ಬಂದಿವೆ. ಅವುಗಳ ಶೈಲಿ, ವಿಚಾರ, ಪ್ರಭಾವಗಳ ಮೇಲೆ ಪ್ರಬಂಧಗಳುಂಟು. ತರಗತಿಗಳಲ್ಲಿ ಅವು ಪಾಠವೂ ಆಗಿವೆ. ಅದೇ ಸಮ್ಮೇಳನಗಳ ನಿರ್ಣಯಗಳನ್ನೂ ಅವುಗಳ ಹಿಂದಿನ ವ್ಯವಹಾರಸಭೆಗಳ ನಡವಳಿಗಳನ್ನೂ ಗದ್ಯವೆಂದು ಭಾವಿಸಿ ಓದುವ ವಾಡಿಕೆ ಬೆಳೆಯಲಿಲ್ಲ. ಅವನ್ನು ದಫ್ತರದ ಕಾಗದಗಳೆಂದು ಎಣಿಸಿ ಚರಿತ್ರಕಾರನ ಪಾಲಿಗೆ ಬಿಟ್ಟದ್ದಾಯಿತು.

ಈ ಉಪೇಕ್ಷೆಯಿಂದ ಒದಗಿದ ನಷ್ಟವೇನೆಂಬುದು ಪ್ರಕೃತ ಲೇಖನದ ವಿಷಯ. ಇದರ ಪರಿಶೀಲನೆಗಾಗಿ ದೂರದ ಒಂದು ಸಂಸ್ಥೆಯನ್ನೂ ಹತ್ತಿರದ ಒಂದು ಸಂದರ್ಭವನ್ನೂ ಇಲ್ಲಿ ಜೊತೆಗಿಟ್ಟು ನೋಡಿದೆ. ದೂರದ ಸಂಸ್ಥೆಯೆಂದರೆ, ಮೆಕ್ಯಾನಿಕ್ಸ್ ಎಂದು ಪ್ರಸಿದ್ಧವಾದ ಬಲವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟ. ಹತ್ತಿರದ ಸಂದರ್ಭವೆಂದರೆ, ೧೯೩೪ರಲ್ಲಿ ರಾಯಚೂರಿನಲ್ಲಿ ನೆರೆದ ಇಪ್ಪತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನ. ದ್ರವಗಳ ಹರಿವನ್ನೂ ಘನವಸ್ತುಗಳ ಬಾಗುವಿಕೆಯನ್ನೂ ಲೆಕ್ಕಹಾಕುವವರ ಕೂಟಕ್ಕೂ ಕಾವ್ಯವ್ಯಾಕರಣಗಳ ಕೂಟಕ್ಕೂ ಏನು ಸಂಬಂಧವೆಂದು ಕೇಳಬಹುದು. ಇವೆರಡೂ ಹಲವು ಸರಕಾರಗಳ ಕೆಳಗೆ ಹಂಚಿಹೋದ ವಿದ್ವಾಂಸರನ್ನು ಒಂದೇ ಶಾಸ್ತ್ರದ ಅಥವಾ ಒಂದೇ ಭಾಷೆಯ ಹೆಸರಿನಲ್ಲಿ ಕೂಡಿಸಹೊರಟ ಸಂಸ್ಥೆಗಳು. ಕೂಡಿಸುವ ಕೆಲಸದಲ್ಲಿ ಹುಟ್ಟುವ ತೊಡಕುಗಳು ಎರಡಕ್ಕೂ ಒಂದೇ ತೆರನಾದುವು.

೨

ಬಲವಿಜ್ಞಾನದ ಒಕ್ಕೂಟದ ಮೂಲ ಒಂದು ಬಹಿಷ್ಕಾರದಲ್ಲಿದೆ. ೧೯೧೪-೧೮ರ ಮಹಾಯುದ್ಧ ಮುಗಿದ ಮೇಲೆ, ೧೯೧೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಶೋಧನ ಮಂಡಲಿಯು ಸೋತ ರಾಷ್ಟ್ರಗಳ ವಿಜ್ಞಾನಿಗಳನ್ನು ಹೊರಗಿಟ್ಟಿತು. ಜರ್ಮನಿಯ ಆಖೆನ್ ನಗರದಲ್ಲಿ ಅಧ್ಯಾಪಕನಾಗಿದ್ದ ಹಂಗೆರಿಯ ಥಿಯೋಡೋರ್ ಫಾನ್ ಕಾರ್ಮಾನ್ ಮತ್ತು ರೋಮಿನ ಗಣಿತಜ್ಞ ತುಲ್ಲಿಯೊ ಲೇವಿ-ಚಿವಿತಾ ಈ ಗೋಡೆಯನ್ನು ಒಡೆಯುವ ಸಾಹಸವನ್ನು ಕೈಕೊಂಡರು. ಒಬ್ಬನು ಸೋತ ಪಕ್ಷದಲ್ಲಿದ್ದವನು. ಇನ್ನೊಬ್ಬನು ಗೆದ್ದ ಪಕ್ಷದವನು. ಗಟಿಂಗೆನ್ನಿನ ಪ್ರಾಂಟ್ಲ್ ಮತ್ತು ಸ್ವೀಡನ್ನಿನ ಓಸೀನ್ ಇವರೊಡನೆ ಸೇರಿದರು. ದ್ರವಗಳ ಮತ್ತು ವಾಯುವಿನ ಚಲನೆಯನ್ನು ಕುರಿತ ಸಭೆಯೊಂದು ೧೯೨೨ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ಕಿನಲ್ಲಿ ನೆರೆಯಿತು. ಇದಕ್ಕೆ ಯಾವ ಸರಕಾರದ ಆಜ್ಞೆಯೂ ಇರಲಿಲ್ಲ. ವ್ಯಕ್ತಿಗಳು ವ್ಯಕ್ತಿಗಳನ್ನು ಕಾಗದ ಬರೆದು ಕರೆದರು; ಬಂದವರು ತಮ್ಮ ಹೆಸರಿನಲ್ಲಿ ಬಂದರು.

ಇನ್ಸ್‌ಬ್ರುಕ್ಕಿನ ಫಲವಾಗಿ ೧೯೨೪ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಬೀಝೆನೊ ಮತ್ತು ಬರ್ಗರ್ಸ್ ಎಂಬಿಬ್ಬರ ಶ್ರಮದಿಂದ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನ ಜರುಗಿತು. ಅನಂತರ ೧೯೨೬ರಲ್ಲಿ ಜೂರಿಕ್, ೧೯೩೦ರಲ್ಲಿ ಸ್ಟಾಕ್‌ಹೋಮ್, ೧೯೩೪ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್, ೧೯೩೮ರಲ್ಲಿ ಅಮೆರಿಕದ ಕೇಂಬ್ರಿಜ್ ಹೀಗೆ ಅದು ಊರಿನಿಂದೂರಿಗೆ ನಡೆಯಿತು. ಇವುಗಳನ್ನು ನಡೆಯಿಸಿದ್ದು ಒಂದು ಸಮಿತಿ. ಅದರ ಸದಸ್ಯರನ್ನು ಯಾವ ರಾಷ್ಟ್ರವೂ ಕಳುಹಿಸಿದ್ದಲ್ಲ; ಸಮಿತಿಯೇ ಅವರನ್ನು ಆರಿಸಿಕೊಳ್ಳುತ್ತಿತ್ತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ೧೯೪೬ರಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ಆರನೆಯ ಸಮ್ಮೇಳನದಲ್ಲಿ, ಸಿದ್ಧಾಂತ ಮತ್ತು ಪ್ರಯೋಗ ಬಲವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟವು ಸ್ಥಾಪಿತವಾಯಿತು. ಡೆಲ್ಫ್ಟ್‌ನ ಬರ್ಗರ್ಸ್ ಅದರ ಮೊದಲ ಕಾರ್ಯದರ್ಶಿಯಾದನು. ಮರುವರ್ಷ ಅದು ವೈಜ್ಞಾನಿಕ ಸಂಘಗಳ ಅಂತರರಾಷ್ಟ್ರೀಯ ಮಂಡಲಿಗೆ ಸೇರಿತು. ಆ ಮಂಡಲಿಯೇ ೨೦೧೮ರಲ್ಲಿ ಸಮಾಜವಿಜ್ಞಾನಗಳ ಮಂಡಲಿಯೊಡನೆ ಕೂಡಿ ಈಗಿನ ಅಂತರರಾಷ್ಟ್ರೀಯ ವಿಜ್ಞಾನ ಮಂಡಲಿಯಾಗಿದೆ.

ಈ ಇತಿವೃತ್ತದಲ್ಲಿ ಗಮನಿಸತಕ್ಕ ಅಂಶವೆಂದರೆ ಕ್ರಮ. ಮೊದಲು ಸಮ್ಮೇಳನ, ಇಪ್ಪತ್ತೆರಡು ವರ್ಷಗಳ ಬಳಿಕ ಒಕ್ಕೂಟ. ಮೊದಲು ಮಿತ್ರಮಂಡಲಿ, ಬಳಿಕ ನಿಬಂಧನೆ. ಮಿತ್ರಮಂಡಲಿಯ ಗುಣ ಎಲ್ಲರಿಗೂ ಕಾಣುವಂಥದು: ಸರಕಾರಗಳು ಮುಚ್ಚಿದ ಬಾಗಿಲನ್ನು ಅದು ತೆರೆಯಿತು. ಅದರ ದೋಷ ಅಷ್ಟು ಬೇಗ ಕಾಣುವುದಿಲ್ಲ. ಪರಿಚಿತರು ಪರಿಚಿತರನ್ನು ಆರಿಸುವಲ್ಲಿ ಅಪರಿಚಿತನಿಗೆ ಪೀಠವಿಲ್ಲ. ಅವನನ್ನು ಬೇಡವೆಂದವರು ಯಾರೂ ಇರುವುದಿಲ್ಲ. ಅವನ ಹೆಸರೇ ಯಾರ ನೆನಪಿಗೂ ಬಂದಿರುವುದಿಲ್ಲ. ಹೊರಗುಳಿದವನು ತಾನು ಹೊರಗುಳಿದುದನ್ನು ತೋರಿಸಿ ಕೇಳಬೇಕಾದರೆ ಅವನ ಕೈಯಲ್ಲಿ ಒಂದು ಬರಹ ಬೇಕು. ಆ ಬರಹವೇ ನಿಬಂಧನೆ.

೩

ಒಕ್ಕೂಟದ ಈಗಿನ ಏರ್ಪಾಡನ್ನು ಒಂದು ಗ್ರಂಥವನ್ನು ಓದುವಂತೆ ಓದಿದರೆ ಅದರ ಸ್ವಭಾವ ತಿಳಿಯುತ್ತದೆ. ಮಹಾಸಭೆಯು ಎರಡು ವರ್ಷಕ್ಕೊಮ್ಮೆ ಕೂಡುತ್ತದೆ. ಬಹಿರಂಗ ಸಮ್ಮೇಳನವು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಅಂದರೆ ಪ್ರತಿ ಉತ್ಸವಕ್ಕೆ ಎರಡು ವ್ಯವಹಾರಸಭೆಗಳು. ಅವುಗಳಲ್ಲೊಂದು ಉತ್ಸವವಿಲ್ಲದ ವರ್ಷದಲ್ಲಿ ಕೂಡತಕ್ಕದ್ದು. ಸಂಘದ ಬಾಳು ಉತ್ಸವವನ್ನು ಆಶ್ರಯಿಸಿಲ್ಲವೆಂಬುದಕ್ಕೆ ಈ ಎಣಿಕೆಯೇ ಸಾಕ್ಷಿ. ಮಹಾಸಭೆಗಳ ನಡುವಣ ಕಾಲದಲ್ಲಿ ಕೆಲಸ ನೋಡುವುದು ಎಂಟು ಜನರ ಕಾರ್ಯಮಂಡಲಿ: ಅಧ್ಯಕ್ಷ, ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಕೋಶಾಧ್ಯಕ್ಷ, ಮತ್ತು ನಾಲ್ವರು ಸದಸ್ಯರು. ಅಧ್ಯಕ್ಷತೆಯಿಂದಿಳಿದವನು ಉಪಾಧ್ಯಕ್ಷನಾಗಿ ಉಳಿಯುತ್ತಾನೆ. ಅಧಿಕಾರದ ಗೌರವವನ್ನು ಅನುಭವಿಸಿದವನು ಅದರ ಶೇಷಕಾರ್ಯವನ್ನೂ ಹೊರಲೆಂಬುದು ಇದರ ಇಂಗಿತವೆಂದು ತೋರುತ್ತದೆ. ೧೯೪೬ಕ್ಕೆ ಮುಂಚಿನ ಸಮ್ಮೇಳನ ಸಮಿತಿಯನ್ನು ಒಕ್ಕೂಟವು ಅಳಿಸಿಹಾಕಲಿಲ್ಲ. ತನ್ನೊಳಗೆ ಒಂದು ಸ್ಥಾಯೀಸಮಿತಿಯಾಗಿ ಇಟ್ಟುಕೊಂಡಿತು.

ಪ್ರಾತಿನಿಧ್ಯವನ್ನು ಕುರಿತ ನಿಯಮಗಳು ಹೆಚ್ಚಿನ ಪರಿಶೀಲನೆಗೆ ಅರ್ಹವಾದುವು. ಸದಸ್ಯರಾಷ್ಟ್ರಗಳ ಸಂಸ್ಥೆಗಳು ತಾವು ಕೊಡುವ ಚಂದಾದ ವರ್ಗಕ್ಕನುಸಾರವಾಗಿ ಪ್ರತಿನಿಧಿಗಳನ್ನು ಕಳುಹಿಸುತ್ತವೆ. ಚಂದಾ ಕಡಿಮೆಯಾದಲ್ಲಿ ಒಬ್ಬನೇ ಪ್ರತಿನಿಧಿ. ಹೆಚ್ಚಾದಂತೆ ಪ್ರತಿನಿಧಿಗಳೂ ಹೆಚ್ಚು. ಇದಲ್ಲದೆ, ಯಾವ ರಾಷ್ಟ್ರದ ಪರವಾಗಿಯೂ ಅಲ್ಲದೆ ಸ್ವಂತ ವಿದ್ವತ್ತಿನಿಂದಲೇ ಆಯ್ಕೆಯಾದ ಕೆಲವು ಸದಸ್ಯರೂ ಮಹಾಸಭೆಯಲ್ಲಿದ್ದಾರೆ. ಇನ್ಸ್‌ಬ್ರುಕ್ಕಿನ ವ್ಯಕ್ತಿತತ್ತ್ವವೂ ಪ್ಯಾರಿಸ್ಸಿನ ರಾಷ್ಟ್ರತತ್ತ್ವವೂ ಹೀಗೆ ಒಂದೇ ಸಭೆಯಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ. ಒಕ್ಕೂಟದ ಆಶ್ರಯದಲ್ಲಿ ನಡೆಯುವ ಸಮ್ಮೇಳನಕ್ಕೆ ಯೋಗ್ಯನಾದ ಯಾವ ವಿಜ್ಞಾನಿಯನ್ನೂ ರಾಷ್ಟ್ರೀಯತೆಯ ಕಾರಣದಿಂದ ತಡೆಯಕೂಡದೆಂಬ ತತ್ತ್ವವೂ ಇದರೊಡನೆ ಉಂಟು. ೧೯೧೯ರ ಬಹಿಷ್ಕಾರಕ್ಕೆ ಇದು ನೇರವಾದ ಉತ್ತರ.

ಗುಣವಿದ್ದಲ್ಲಿ ದೋಷವನ್ನೂ ಹೇಳಬೇಕು. ಚಂದಾದಿಂದ ಪೀಠಗಳನ್ನು ಎಣಿಸುವ ಪದ್ಧತಿಯಲ್ಲಿ ಹಣವುಳ್ಳ ರಾಷ್ಟ್ರದ ಧ್ವನಿ ದೊಡ್ಡದಾಗುತ್ತದೆ. ಹಣವಿಲ್ಲದೆ ಸಂಘ ನಡೆಯದೆಂಬ ಸಮಾಧಾನವನ್ನು ಒಪ್ಪಿದರೂ, ಧ್ವನಿಗೂ ದ್ರವ್ಯಕ್ಕೂ ಗಂಟುಹಾಕಿದ ಮೇಲೆ ಸಿದ್ಧಾಂತದ ಸಮತೆ ವ್ಯವಹಾರದಲ್ಲಿ ಕುಂದುವುದನ್ನು ಮರೆಯಲಾಗದು. ಒಕ್ಕೂಟದ ವಿಶೇಷಗೋಷ್ಠಿಗಳಿಗೆ ಆಹ್ವಾನಿತರಿಗೆ ಮಾತ್ರ ಪ್ರವೇಶವಿರುವುದರಿಂದ ಮಿತ್ರಮಂಡಲಿಯ ಹಳೆಯ ದೋಷ ಅಲ್ಲಿಯೂ ತಲೆಯೆತ್ತಬಹುದು. ಆದರೂ ಒಂದು ಭೇದವುಂಟು. ಗೋಷ್ಠಿಯ ಸಲಹೆ ಸದಸ್ಯಸಂಸ್ಥೆಗಳಿಂದ ಬರುತ್ತದೆ. ದ್ರವಗಳ ವಿಭಾಗಕ್ಕೂ ಘನಗಳ ವಿಭಾಗಕ್ಕೂ ಬೇರೆ ಬೇರೆ ತಜ್ಞಮಂಡಲಿಗಳು ಅದನ್ನು ತೂಗುತ್ತವೆ. ಒಪ್ಪಿಗೆ ಕೊಡತಕ್ಕದ್ದು ಮಹಾಸಭೆ. ಮೂರು ಕೈ ದಾಟಿ ಬಂದ ನಿರ್ಧಾರಕ್ಕೆ ಮೂರು ಕಡೆ ಕಾರಣ ಹೇಳಬೇಕಾಗುತ್ತದೆ.

ಈ ದಾರಿಯಿಂದಲೇ ೧೯೮೭ರಲ್ಲಿ ಬೆಂಗಳೂರಿಗೆ ಒಂದು ಗೋಷ್ಠಿ ಬಂದಿತು. ಪ್ರಕ್ಷುಬ್ಧವಾಗಿ ಹರಿಯುವ ದ್ರವವನ್ನು ಹತೋಟಿಗೆ ತರುವುದೂ ಅದು ಮರಳಿ ಶಾಂತಪ್ರವಾಹವಾಗುವುದೂ ಅದರ ವಿಷಯ. ಅದರ ಪ್ರಬಂಧಗಳನ್ನು ಅಮೆರಿಕದ ಲೀಪ್‌ಮನ್ ಅವರೂ ಬೆಂಗಳೂರಿನ ರೊದ್ದಂ ನರಸಿಂಹ ಅವರೂ ಸಂಪಾದಿಸಿದರು. ರೊದ್ದಂ ನರಸಿಂಹ ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಭೌತವಿಜ್ಞಾನದ ಅಧ್ಯಾಪಕರಾಗಿದ್ದು ಕನ್ನಡದಲ್ಲಿ ವಿಜ್ಞಾನವನ್ನು ಬರೆದವರು. ಕನ್ನಡನಾಡಿಗೂ ಈ ಒಕ್ಕೂಟಕ್ಕೂ ಸಂಬಂಧವಿಲ್ಲವೆಂದು ಹೇಳುವಂತಿಲ್ಲ.

ವಿಮರ್ಶಕನಿಗೆ ಇಲ್ಲಿ ಮುಖ್ಯವಾದದ್ದು ಭಾಷೆ. ನಿಬಂಧನೆಯ ಗದ್ಯದಲ್ಲಿ ಪ್ರತಿ ವಾಕ್ಯಕ್ಕೂ ಕರ್ತೃಪದವಿರಬೇಕು. ಯಾರು ಆರಿಸತಕ್ಕದ್ದು, ಯಾರು ನೇಮಿಸತಕ್ಕದ್ದು, ಯಾರು ಲೆಕ್ಕ ಒಪ್ಪಿಸತಕ್ಕದ್ದು ಎಂಬುದು ಅಡಗಿದರೆ ಆ ವಾಕ್ಯ ನಿಬಂಧನೆಯಾಗಿ ನಿಲ್ಲದು. ಅಲಂಕಾರವಿಲ್ಲದ ಈ ಗದ್ಯಕ್ಕೆ ತನ್ನದೇ ಆದ ಬಿಗಿಯುಂಟು. ಕನ್ನಡದ ಸಭಾಗದ್ಯ ಈ ಬಿಗಿಯನ್ನು ಎಷ್ಟರ ಮಟ್ಟಿಗೆ ಪಡೆದಿದೆ ಎಂಬುದೇ ಮುಂದಿನ ಪ್ರಶ್ನೆ.

೪

ಕನ್ನಡದಲ್ಲಿ ಸಮ್ಮೇಳನವೂ ಸಂಘವೂ ಒಂದೇ ತೊಟ್ಟಿಲಲ್ಲಿ ಹುಟ್ಟಿದುವು. ೧೯೧೫ರ ಮೇ ತಿಂಗಳಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ನೆರೆದ ಪ್ರಥಮ ಸಮ್ಮೇಳನವೇ ಕರ್ಣಾಟಕ ಸಾಹಿತ್ಯ ಪರಿಷತ್ತನ್ನು ಸ್ಥಾಪಿಸಿತು. ಆಗ ಕನ್ನಡ ನುಡಿಯುವ ಜನ ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಆಧಿಪತ್ಯಗಳು, ನಿಜಾಮರ ಹೈದರಾಬಾದು, ಕೊಡಗು, ಹಲವು ಸಣ್ಣ ಸಂಸ್ಥಾನಗಳು ಎಂದು ಹರಿದು ಹಂಚಿಹೋಗಿದ್ದರು. ಪರಿಷತ್ತು ಈ ಅರ್ಥದಲ್ಲಿ ಹಲವು ಆಡಳಿತಗಳ ನಡುವಣ ಒಕ್ಕೂಟವೇ ಆಗಿತ್ತು. ಆದರೆ ಅದರ ಎರಡು ಮುಖಗಳು ಒಟ್ಟಿಗೆ ಹುಟ್ಟಿದುದರಿಂದ, ಉತ್ಸವದ ಬೆಳಕಿನಲ್ಲಿ ವ್ಯವಹಾರದ ಮುಖ ಮಸುಕಾಯಿತು. ಸಮ್ಮೇಳನ ಎಲ್ಲೆಲ್ಲಿ ನಡೆಯಿತು, ಯಾರು ಅಧ್ಯಕ್ಷರಾಗಿದ್ದರು ಎಂಬ ಪಟ್ಟಿಯನ್ನು ಸಾಹಿತ್ಯದ ವಿದ್ಯಾರ್ಥಿ ಬಾಯಿಪಾಠವಾಗಿ ಒಪ್ಪಿಸುತ್ತಾನೆ. ಆಯಾ ವರ್ಷದ ವ್ಯವಹಾರಸಭೆ ಏನನ್ನು ಗೊತ್ತುಮಾಡಿತೆಂದು ಕೇಳಿದರೆ ಅಧ್ಯಾಪಕನೂ ತಡವರಿಸುತ್ತಾನೆ.

೧೯೩೪ರ ರಾಯಚೂರು ಸಮ್ಮೇಳನವು ಈ ದೃಷ್ಟಿಯಿಂದ ಬಲು ಬೋಧಪ್ರದವಾದುದು. ಅದರ ಅಧ್ಯಕ್ಷರಾದ ಪಂಜೆ ಮಂಗೇಶರಾಯರು ಮದರಾಸು ಆಧಿಪತ್ಯಕ್ಕೆ ಸೇರಿದ ದಕ್ಷಿಣ ಕನ್ನಡದವರು. ಪರಿಷತ್ತಿನ ಕಾರ್ಯಾಲಯವಿದ್ದುದು ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ. ಆಗ ಅದರ ಉಪಾಧ್ಯಕ್ಷರಾಗಿದ್ದವರು ಡಿ. ವಿ. ಗುಂಡಪ್ಪನವರು. ಸಭೆ ನೆರೆದುದು ನಿಜಾಮರ ರಾಜ್ಯದಲ್ಲಿ. ಮೂರು ಆಡಳಿತಗಳು ಒಂದು ಚಪ್ಪರದ ಕೆಳಗೆ ಬಂದುವು. ಆ ರಾಜ್ಯದ ಆಡಳಿತಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಭಾಷೆಯೂ ಉರ್ದು. ಸಾರ್ವಜನಿಕ ಸಭೆಗಳನ್ನು ಕೂಡಿಸಲು ಸರಕಾರದ ಮುಂಗಡ ಅನುಮತಿ ಬೇಕೆಂಬ ಐವತ್ತಮೂರನೆಯ ಗಸ್ತಿಯ ಕಟ್ಟುಪಾಡೂ ಆ ರಾಜ್ಯದಲ್ಲಿತ್ತು. ಇಂಥಲ್ಲಿ ಕನ್ನಡದ ಸಮ್ಮೇಳನ ನಡೆದುದೇ ಒಂದು ವಿಶೇಷವೆನ್ನಬೇಕು.

ಆದರೆ ದೇವದುರ್ಗ ಸೀಮೆಯ ಅರಕೇರಾದಂಥ ಊರಿನಿಂದ ಈ ಸಮ್ಮೇಳನವನ್ನು ನೋಡಿದರೆ ಹೇಗೆ ಕಾಣಬೇಕು? ಆ ಊರಿನವರು ಮನೆಯಲ್ಲಿಯೂ ಹೊಲದಲ್ಲಿಯೂ ಸಂತೆಯಲ್ಲಿಯೂ ಆಡಿದುದು ಕನ್ನಡ. ದಾಸರ ಪದಗಳನ್ನು ಹಾಡಿದುದೂ ಕನ್ನಡದಲ್ಲಿಯೇ; ಗೋಪಾಲದಾಸರ ಮೊಸರಕಲ್ಲು ಅದೇ ದೇವದುರ್ಗ ಸೀಮೆಯದು, ವಿಜಯದಾಸರ ಚೀಕಲಪರ್ವಿ ನೆರೆಯ ಮಾನ್ವಿಯದು. ಅರ್ಜಿ, ತಕರಾರು, ಜಮಾಬಂದಿ, ಫೈಸಲು ಇವೆಲ್ಲ ನಡೆದುದು ಮಾತ್ರ ಮತ್ತೊಂದು ಭಾಷೆಯಲ್ಲಿ. ಭಕ್ತಿಗೆ ಕನ್ನಡ, ಆಡಳಿತಕ್ಕೆ ಉರ್ದು ಎಂಬ ಈ ವಿಭಾಗದಲ್ಲಿ ಕನ್ನಡಕ್ಕೆ ಕೊರತೆಯಾದುದು ಕಾವ್ಯವಲ್ಲ. ಕಾವ್ಯ ಅಲ್ಲಿ ಸಮೃದ್ಧವಾಗಿಯೇ ಇತ್ತು. ಹತ್ತು ಜನ ಕುಳಿತು ಒಂದು ವಿಷಯವನ್ನು ತೂಗಿ, ಒಪ್ಪಿದವರಾರು, ಒಪ್ಪದವರಾರು, ಕಾರಣವೇನು ಎಂದು ಬರೆದಿಡುವ ಗದ್ಯ ಕೊರತೆಯಾಗಿತ್ತು. ರಾಯಚೂರಿಗೆ ಬಂದ ಸಮ್ಮೇಳನ ಆ ಸೀಮೆಗೆ ಅಭಿಮಾನವನ್ನು ತಂದಿತು. ಅಭಿಮಾನದ ಜೊತೆಗೆ ಈ ಗದ್ಯವನ್ನೂ ತರಬೇಕಾಗಿತ್ತು. ತಂದಿತೇ ಎಂಬ ಪ್ರಶ್ನೆಯನ್ನು ವಿಮರ್ಶೆ ಈವರೆಗೆ ಕೇಳಿಕೊಂಡಿಲ್ಲ.

೫

ಸಮ್ಮೇಳನಗಳ ನಿರ್ಣಯಗಳ ಭಾಷೆಗೆ ಒಂದು ರೂಢಿಯಾದ ಅಚ್ಚುಂಟು. “ಈ ಸಭೆಯು” ಎಂದು ವಾಕ್ಯ ತೊಡಗುತ್ತದೆ. “ಪ್ರಾರ್ಥಿಸುತ್ತದೆ”, “ಅಭಿಪ್ರಾಯಪಡುತ್ತದೆ”, “ಹರ್ಷವನ್ನು ಸೂಚಿಸುತ್ತದೆ” ಎಂಬ ಮೂರು ಕ್ರಿಯಾಪದಗಳಲ್ಲಿ ಒಂದರಿಂದ ಮುಗಿಯುತ್ತದೆ. ಈ ಮೂರರಲ್ಲಿ ಯಾವುದೂ ಸಭೆಯು ತಾನೇ ಮಾಡುವ ಕೆಲಸವನ್ನು ಹೇಳುವುದಿಲ್ಲ. ಪ್ರಾರ್ಥನೆ ಸರಕಾರಕ್ಕೆ, ಅಭಿಪ್ರಾಯ ಲೋಕಕ್ಕೆ, ಹರ್ಷ ಸನ್ಮಾನಿತರಿಗೆ. ಪರರಾಜ್ಯಗಳಲ್ಲಿ ನೆರೆದ, ಕೈಯಲ್ಲಿ ಅಧಿಕಾರವಿಲ್ಲದ ಸಭೆಗೆ ಪ್ರಾರ್ಥನೆಯ ಹೊರತು ಬೇರೆ ದಾರಿಯಿರಲಿಲ್ಲವೆಂಬುದು ನಿಜ. ಆದರೆ ಅಧಿಕಾರ ಬಂದ ಮೇಲೂ ಅಚ್ಚು ಬದಲಾಗಲಿಲ್ಲ. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. ಕನ್ನಡನಾಡು ಒಂದಾದ ೧೯೫೬ರಲ್ಲಿಯೇ ಆದ್ಯ ರಂಗಾಚಾರ್ಯರ ಅಧ್ಯಕ್ಷತೆಯಲ್ಲಿ ರಾಯಚೂರು ಮತ್ತೆ ಸಮ್ಮೇಳನವನ್ನು ಕಂಡಿತು. ೨೦೧೬ರಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ಎಂಬತ್ತೆರಡನೆಯದನ್ನೂ ಕಂಡಿತು. ಈ ಎಂಬತ್ತೆರಡು ವರ್ಷಗಳಲ್ಲಿ ಸರಕಾರ ಬದಲಾಯಿತು, ಗಡಿ ಬದಲಾಯಿತು, ಆಡಳಿತಭಾಷೆ ಬದಲಾಯಿತು. ನಿರ್ಣಯದ ವಾಕ್ಯ ಪ್ರಾರ್ಥಿಸುತ್ತಲೇ ಉಳಿಯಿತು.

ಪಾರಿಭಾಷಿಕ ಪದಗಳಲ್ಲಿಯೂ ಈ ಚರಿತ್ರೆ ಹುದುಗಿದೆ. ಮುಂಬಯಿ ಮತ್ತು ಹೈದರಾಬಾದು ಕಡೆಯ ಕನ್ನಡಿಗರಿಗೆ ಸಭೆ ಮಾಡುವುದು “ಠರಾವು”. ಮೈಸೂರು ಕಡೆಯವರಿಗೆ “ನಿರ್ಣಯ”. ಠರಾವಿನಲ್ಲಿ ನಿಲ್ಲಿಸುವ, ನಿಶ್ಚಯಿಸುವ ಭಾವ ಮುಂದು. ನಿರ್ಣಯದಲ್ಲಿ ವಿಚಾರಿಸಿ ತಿಳಿಯುವ ಭಾವ ಮುಂದು. ಒಂದೇ ಪರಿಷತ್ತಿನೊಳಗೆ ಈ ಎರಡು ಪದಗಳು ಕೂಡಿದಾಗ ಗ್ರಾಂಥಿಕವಾದ ನಿರ್ಣಯವು ಗೆದ್ದು ಠರಾವು ಆಡುಮಾತಿಗೆ ಇಳಿಯಿತು. ಯಾವ ಸೀಮೆಯ ಪದ ಉಳಿಯಬೇಕೆಂಬುದನ್ನು ಮತಕ್ಕೆ ಹಾಕಿದವರಿಲ್ಲ. ಬರೆಯುವ ಲೇಖಣಿ ಯಾರ ಕೈಯಲ್ಲಿತ್ತೋ ಅವರ ಪದ ನಿಂತಿತು. ಒಕ್ಕೂಟದಲ್ಲಿ ಚಂದಾ ಮಾಡುವ ಕೆಲಸವನ್ನು ಇಲ್ಲಿ ಕಾರ್ಯಾಲಯದ ಸಾಮೀಪ್ಯ ಮಾಡಿತೆನ್ನಬಹುದು.

ಸಾಹಿತ್ಯದ ಯೋಗ್ಯತೆಯನ್ನು ಮತಗಳಿಂದ ತೀರ್ಮಾನಿಸಲಾಗದಷ್ಟೆ. ಹೀಗಿರುವಲ್ಲಿ ಸಾಹಿತ್ಯಸಂಸ್ಥೆಯ ವ್ಯವಹಾರಸಭೆಗೆ ಇಷ್ಟು ಬೆಲೆಯೇಕೆ ಎಂಬ ಆಕ್ಷೇಪ ಬರಬಹುದು. ಬಲವಿಜ್ಞಾನದ ಮಹಾಸಭೆಯೂ ಸಮೀಕರಣಗಳನ್ನು ಮತಕ್ಕೆ ಹಾಕುವುದಿಲ್ಲ. ದ್ರವದ ಹರಿವು ಬಹುಮತವನ್ನು ಕೇಳಿ ನಡೆಯತಕ್ಕದ್ದಲ್ಲ. ಯಾರನ್ನು ಕರೆಯಬೇಕು, ಎಲ್ಲಿ ಕೂಡಬೇಕು, ಯಾವ ಕೆಲಸಕ್ಕೆ ಹಣ ಕೊಡಬೇಕು ಎಂಬುದಷ್ಟೇ ಅಲ್ಲಿ ಮತಕ್ಕೆ ಬರುವ ವಿಷಯ. ಅದೇ ರೀತಿ ಕವಿತೆಯ ಗುಣವನ್ನು ಪರಿಷತ್ತು ಮತದಿಂದ ಅಳೆಯಲಾರದು. ಕವಿಗೋಷ್ಠಿಗೆ ಯಾವ ಸೀಮೆಯ ಕವಿ ಬರಬೇಕು, ಯಾವ ಗ್ರಂಥ ಅಚ್ಚಾಗಬೇಕು, ಯಾವ ಊರಿನ ಮಾತು ನಿಘಂಟಿನಲ್ಲಿ ಸೇರಬೇಕು ಎಂಬುದನ್ನು ಅದು ತೀರ್ಮಾನಿಸಲೇಬೇಕು.

ಪರಿಷತ್ತಿನ ಕನ್ನಡ ನಿಘಂಟೇ ಇದಕ್ಕೆ ದೊಡ್ಡ ದೃಷ್ಟಾಂತ. ಎಂಟು ಸಂಪುಟಗಳ ಈ ಕೃತಿಯ ಮೊದಲ ಸಂಪುಟ ೧೯೭೦ರಲ್ಲಿಯೂ ಕಡೆಯ ಸಂಪುಟ ೧೯೯೫ರಲ್ಲಿಯೂ ಹೊರಬಂದುವು. ಇಂಥ ಕೆಲಸ ಒಂದು ಭಾಷಣದಿಂದ ಆಗುವುದಲ್ಲ. ಸಂಪಾದಕ ಸಮಿತಿಯ ನೇಮಕ, ಆಕರಗ್ರಂಥಗಳ ಆಯ್ಕೆ, ಚೀಟಿ ಬರೆಯುವವರ ಸಂಬಳ, ಕಾಗದದ ಬೆಲೆ, ಸರಕಾರದ ಅನುದಾನ ಇವನ್ನು ವರ್ಷವರ್ಷವೂ ಚರ್ಚಿಸಿದ ನೀರಸ ಸಭೆಗಳ ಫಲ ಅದು. ಸಮ್ಮೇಳನದ ಚಪ್ಪರದಲ್ಲಿ ಕೇಳಿದ ಚಪ್ಪಾಳೆ ಅಂದೇ ಅಡಗಿತು. ಬರಿಗುರ್ಚಿಗಳ ಸಭೆಯಲ್ಲಿ ಆದ ತೀರ್ಮಾನ ಇಂದಿಗೂ ಪ್ರತಿ ಗ್ರಂಥಾಲಯದ ಕಪಾಟಿನಲ್ಲಿದೆ.

೬

ಸಭೆಯ ನಡವಳಿಯನ್ನು ಬರೆಯುವುದು ಕನ್ನಡಕ್ಕೆ ಹೊರಗಿನಿಂದ ಬಂದ ವಿದ್ಯೆಯೆಂದು ಎಣಿಸುವುದು ತಪ್ಪು. ಅರಕೇರಾದ ಸೀಮೆಯಲ್ಲಿಯೇ ಇರುವ ಗಬ್ಬೂರು ತನ್ನ ದೇವಾಲಯಗಳಿಗೂ ಶಾಸನಗಳಿಗೂ ಪ್ರಸಿದ್ಧವಾದ ಹಳೆಯ ಊರು. ಕನ್ನಡನಾಡಿನ ಅಗ್ರಹಾರಗಳ ಮಹಾಜನರು ನೆರೆದು ದತ್ತಿಯನ್ನು ಗೊತ್ತುಮಾಡಿದುದನ್ನೂ, ಅಯ್ಯಾವೊಳೆಯ ಐನೂರ್ವರ ವರ್ತಕಸಂಘ ಹಲವು ದೇಶಗಳ ವ್ಯಾಪಾರಿಗಳನ್ನು ಕೂಡಿಸಿ ಸುಂಕವನ್ನೋ ಕಾಣಿಕೆಯ ಪ್ರಮಾಣವನ್ನೋ ನಿಶ್ಚಯಿಸಿದುದನ್ನೂ ಶಾಸನಗಳು ಹೇಳುತ್ತವೆ. ಈ ಗದ್ಯದ ಬಿಗಿ ಮೆಚ್ಚತಕ್ಕದ್ದು. ಕೂಡಿದವರಾರು, ಕೊಟ್ಟದ್ದೆಷ್ಟು, ಭೂಮಿಯ ಎಲ್ಲೆ ಯಾವುದು, ಪಾಲಿಸಬೇಕಾದವರಾರು ಎಂಬುದರಲ್ಲಿ ಸಂದೇಹಕ್ಕೆಡೆಯಿಲ್ಲ. ಆದರೆ ಶಾಸನ ಒಮ್ಮತವನ್ನು ಮಾತ್ರ ಕೆತ್ತುತ್ತದೆ. ಆ ಸಭೆಯಲ್ಲಿ ಒಬ್ಬನಾದರೂ ಬೇಡವೆಂದನೆ, ಏಕೆ ಬೇಡವೆಂದನು ಎಂಬುದು ಕಲ್ಲಿಗೆ ಏರುವುದಿಲ್ಲ. ಮುಂದೆ ಮೀರುವವನಿಗೆ ಶಾಪವುಂಟು. ಅಂದು ಒಪ್ಪದಿದ್ದವನಿಗೆ ಒಂದು ಪಂಕ್ತಿಯೂ ಇಲ್ಲ.

ಇದಕ್ಕೆ ಪ್ರತಿಯಾದ ಇನ್ನೊಂದು ಪರಂಪರೆಯೂ ಕನ್ನಡದಲ್ಲಿಯೇ ಉಂಟು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ಶೂನ್ಯಸಂಪಾದನೆಯೂ ಅದರ ಮುಂದಿನ ಪರಿಷ್ಕರಣಗಳೂ ಒಂದು ಸಭೆಯ ಚಿತ್ರವನ್ನು ಕಟ್ಟುತ್ತವೆ. ಅಲ್ಲಿ ಅಲ್ಲಮನು ಬಂದವರನ್ನು ಕೇಳುತ್ತಾನೆ. ಬಂದವರು ಮರುಪ್ರಶ್ನೆ ಹಾಕುತ್ತಾರೆ. ಮುಕ್ತಾಯಕ್ಕನು ಅವನ ಮಾತಿಗೆ ಎದುರುಮಾತಾಡುತ್ತಾಳೆ. ಸಿದ್ಧರಾಮನು ಕೆರೆ ಕಟ್ಟಿಸುವ ತನ್ನ ಕಾಯಕವನ್ನು ಸಮರ್ಥಿಸುತ್ತಾನೆ. ಮಹಾದೇವಿಯಕ್ಕನು ತನ್ನನ್ನು ಪರೀಕ್ಷಿಸುವ ಸಭೆಗೆ ಸಮನಾಗಿ ಉತ್ತರಿಸುತ್ತಾಳೆ. ಇದು ಹಿಂದೆ ನಡೆದುದರ ಯಥಾವತ್ತಾದ ನಡವಳಿಯಲ್ಲ. ಮೂರು ಶತಮಾನಗಳ ಬಳಿಕ ಸಂಪಾದಕರು ವಚನಗಳನ್ನು ಜೋಡಿಸಿ ಕಟ್ಟಿದ ಕೃತಿ. ಆದರೂ ಸಂಪಾದಕರು ಆರಿಸಿಕೊಂಡ ರೂಪವನ್ನು ಗಮನಿಸಬೇಕು. ಸಿದ್ಧಾಂತವನ್ನು ಮಾತ್ರ ಉಳಿಸಿ ವಿವಾದವನ್ನು ಅಳಿಸುವುದು ಅವರಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಎದುರಾಡಿದವರ ಮಾತನ್ನು ಅವರವರ ಅಂಕಿತದೊಡನೆ, ಅವರವರ ನುಡಿಯಲ್ಲಿ, ಅದರ ಬಲಗುಂದದಂತೆ ಉಳಿಸಿದರು.

ಕನ್ನಡದ ಆಧುನಿಕ ಸಂಘಗಳು ನಡವಳಿ ಬರೆಯುವಾಗ ಈ ಎರಡು ಪರಂಪರೆಗಳಲ್ಲಿ ಶಾಸನವನ್ನೇ ಹಿಡಿದುವು. “ಸರ್ವಾನುಮತದಿಂದ ಅಂಗೀಕರಿಸಲಾಯಿತು” ಎಂಬ ವಾಕ್ಯ ಶಾಸನದ ಮೊಮ್ಮಗು. ಅದರಲ್ಲಿ ಅಂಗೀಕರಿಸಿದವರು ಯಾರೆಂಬ ಕರ್ತೃಪದವೂ ಮರೆಯಾಗಿದೆ. ಶಾಸನವಾದರೋ ಕೂಡಿದವರ ಹೆಸರನ್ನಾದರೂ ಹೇಳುತ್ತಿತ್ತು. ಇದು ಅದನ್ನೂ ಬಿಟ್ಟಿತು. ಕ್ರಿಯಾಪದದ ಕರ್ಮಣಿರೂಪವೊಂದು ಹೊಣೆಯನ್ನೆಲ್ಲ ನುಂಗಿಕೊಂಡು ನಿಂತಿದೆ. ವ್ಯಾಕರಣದ ಪಾಠದಲ್ಲಿ ಕರ್ತರಿ ಕರ್ಮಣಿಗಳ ಭೇದವನ್ನು ಕಲಿಸುವ ಅಧ್ಯಾಪಕನಿಗೆ ಇದಕ್ಕಿಂತ ಸಮರ್ಪಕವಾದ ಉದಾಹರಣೆ ದೊರೆಯದು.

೭

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಒಂದು ವಿದ್ವತ್ಸಂಘದ ನಿಜವಾದ ಯೋಗ್ಯತೆ ಅದರ ಸಮ್ಮೇಳನದ ವೈಭವದಿಂದ ತಿಳಿಯತಕ್ಕದ್ದಲ್ಲ. ಯಾರಿಗೆ ಪೀಠ, ಯಾವ ನಿಯಮದಿಂದ ಪೀಠ, ಪೀಠವಿಲ್ಲದವನ ಅಥವಾ ಒಪ್ಪದವನ ಮಾತಿಗೆ ಬರಹದಲ್ಲಿ ಎಷ್ಟು ಎಡೆ, ಈ ಮೂರನ್ನು ನೋಡಿ ಅದನ್ನು ಅಳೆಯಬೇಕು. ಬಲವಿಜ್ಞಾನದ ಒಕ್ಕೂಟವು ಈ ಅಳತೆಯಲ್ಲಿ ಪೂರ್ತಿಯಾಗಿ ಗೆದ್ದಿದೆಯೆಂದು ಹೇಳುವಂತಿಲ್ಲ. ಚಂದಾದ ತಕ್ಕಡಿ ಅಲ್ಲಿ ಇನ್ನೂ ತೂಗುತ್ತಿದೆ. ಆದರೆ ತಕ್ಕಡಿ ಎಲ್ಲರ ಕಣ್ಣೆದುರಿನಲ್ಲಿದೆ. ಬರೆದ ನಿಯಮವನ್ನು ತಿದ್ದಬಹುದು; ಬರೆಯದ ರೂಢಿಯನ್ನು ತಿದ್ದಬೇಕಾದರೆ ಅದು ಮೊದಲು ಕಾಣಬೇಕು.

ಕನ್ನಡದ ಪಕ್ಷದಲ್ಲಿಯೂ ಕಾಲ ಬದಲಾಗಿದೆ. ಪರಿಷತ್ತಿನ ಅಧ್ಯಕ್ಷರನ್ನು ಈಗ ಸದಸ್ಯರು ಮತ ಕೊಟ್ಟು ಆರಿಸುತ್ತಾರೆ. ಜಿಲ್ಲೆಗಳಲ್ಲಿಯೂ ಗಡಿನಾಡುಗಳಲ್ಲಿಯೂ ಘಟಕಗಳಿವೆ. ಹಿಂದಿನ ಹೈದರಾಬಾದು ಕರ್ನಾಟಕಕ್ಕೆ ವಿದ್ಯೆ ಉದ್ಯೋಗಗಳಲ್ಲಿ ವಿಶೇಷ ಸ್ಥಾನವನ್ನು ಕೊಡುವ ೩೭೧-ಜೆ ವಿಧಿಯನ್ನು ೨೦೧೨ರಲ್ಲಿ ಸಂಸತ್ತು ಅಂಗೀಕರಿಸಿತು. ೨೦೧೯ರಲ್ಲಿ ಆ ಪ್ರಾಂತಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರಾಯಿತು. ಪೀಠಗಳನ್ನು ನಿಯಮದಿಂದ ಹಂಚಬಹುದೆಂಬುದನ್ನು ಆ ಸೀಮೆಯ ಜನ ಈಗ ಸ್ವಾನುಭವದಿಂದ ಬಲ್ಲರು. ಆದರೆ ದೊರೆತ ಪೀಠದಲ್ಲಿ ಕುಳಿತು ಆಡುವ ಮಾತಿಗೂ ಅದನ್ನು ಬರೆದಿಡುವ ಗದ್ಯಕ್ಕೂ ಶಿಕ್ಷಣ ಬೇಕು. ಆ ಶಿಕ್ಷಣವನ್ನು ಕೊಡತಕ್ಕವರು ಸಾಹಿತ್ಯದ ಅಧ್ಯಾಪಕರೇ ಹೊರತು ಮತ್ತಾರೂ ಅಲ್ಲ.

ಅದಕ್ಕಾಗಿ ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಸಮ್ಮೇಳನಗಳ ಅಧ್ಯಕ್ಷಭಾಷಣಗಳನ್ನು ಓದಿಸುವಲ್ಲಿ ಅದೇ ವರ್ಷದ ನಿರ್ಣಯಗಳನ್ನೂ ಪಕ್ಕದಲ್ಲಿಟ್ಟು ಓದಿಸಬಹುದು. ಭಾಷಣ ಏನನ್ನು ಬಯಸಿತು, ಸಭೆ ಏನನ್ನು ಗೊತ್ತುಮಾಡಿತು, ಮುಂದೆ ಆದುದೇನು ಎಂಬ ಮೂರು ಪ್ರಶ್ನೆಗಳನ್ನು ಕೇಳಬಹುದು. ಹಳೆಯ ವ್ಯವಹಾರಸಭೆಗಳ ನಡವಳಿಗಳು ಉಳಿದಿರುವಲ್ಲಿ ಅವನ್ನು ಸಂಶೋಧಕರು ಸಂಪಾದಿಸಿ ಪ್ರಕಟಿಸಬಹುದು. ಶಾಸನವನ್ನೂ ತಾಳೆಗರಿಯನ್ನೂ ಸಂಪಾದಿಸುವ ಶ್ರದ್ಧೆಗೆ ಅವು ಅನರ್ಹವಲ್ಲ. ಇನ್ನು ಮುಂದಿನ ನಡವಳಿಗಳಲ್ಲಿ ಕರ್ತೃಪದವನ್ನು ಬಿಡದೆ ಬರೆಯುವುದನ್ನೂ, ಭಿನ್ನಾಭಿಪ್ರಾಯವನ್ನು ಅದರ ಕಾರಣದೊಡನೆ ದಾಖಲಿಸುವುದನ್ನೂ ಸಂಘಗಳು ನಿಯಮವಾಗಿ ಮಾಡಿಕೊಳ್ಳಬಹುದು.

ಅರಕೇರಾದ ಒಬ್ಬ ಉಪಾಧ್ಯಾಯನು ತನ್ನ ಸೀಮೆಯ ಒಂದು ಮಾತು ನಿಘಂಟಿನಲ್ಲಿ ಸೇರಬೇಕೆಂದು ಬರೆದು ಕಳುಹಿಸಿದನೆಂದು ಭಾವಿಸೋಣ. ಸಮಿತಿ ಅದನ್ನು ಒಪ್ಪಬಹುದು, ಒಪ್ಪದಿರಬಹುದು. ಅದು ಪಾಂಡಿತ್ಯದ ಪ್ರಶ್ನೆ. ಆದರೆ ಅವನ ಸಲಹೆ ಬಂದಿತೆಂದೂ, ಇಂಥವರು ಇಂಥ ಕಾರಣದಿಂದ ಅದನ್ನು ಕೈಬಿಟ್ಟರೆಂದೂ ಒಂದು ವಾಕ್ಯ ನಡವಳಿಯಲ್ಲಿದ್ದರೆ, ಮುಂದಿನ ತಲೆಮಾರಿನವನೊಬ್ಬನು ಆ ಕಾರಣವನ್ನು ಪರೀಕ್ಷಿಸಿ ಅದೇ ಮಾತನ್ನು ಮತ್ತೆ ಮುಂದಿಡಬಹುದು. ಆ ವಾಕ್ಯವಿಲ್ಲದಲ್ಲಿ ಅವನು ಮೊದಲಿನಿಂದ ತೊಡಗಬೇಕು. ವಿದ್ಯೆಯು ತಲೆಮಾರಿನಿಂದ ತಲೆಮಾರಿಗೆ ಬೆಳೆಯುವುದಕ್ಕೆ ಕಾವ್ಯ ಹೇಗೆ ಬೇಕೋ ಅಂಥ ಒಂದು ವಾಕ್ಯವೂ ಹಾಗೆಯೇ ಬೇಕು. ಅದನ್ನು ಬರೆಯಬಲ್ಲ ಕನ್ನಡವನ್ನು ಬೆಳೆಯಿಸುವುದು ಸಾಹಿತ್ಯದ ಕೆಲಸವೇ ಆಗಿದೆ.